ಕಾಫಿಗೆ ಮೊದಲಿನ ಮಾತ್ರೆ

ಹೊಸದಾಗಿ ಕೆಲಸಕ್ಕೆ ಸೇರಿದ ಫಾರ್ಮಸಿಸ್ಟ್ ಹುಡುಗ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. ಅವರು ಕೇಳುವುದೆಲ್ಲ ರಜೆ, ವರ್ಗಾವಣೆ, ಸ್ಟಾಕ್ ತಪಾಸಣೆ ಇಂಥವನ್ನೇ. ಮೊನ್ನೆ ಬಂದ ಒಬ್ಬಳು ಮಾತ್ರ ಬೇರೆ ಪ್ರಶ್ನೆ ಹಾಕಿದಳು. "ಸಾರ್, ಕೊಡೋಕೆ ಬಹಳ ಕಷ್ಟದ ಔಷಧಿ ಯಾವುದು?"

ನಾನು ಹಾವು ಕಡಿತದ ಇಂಜೆಕ್ಷನ್ ಎಂದೋ ಏನೋ ಹೇಳುತ್ತೇನೆ ಎಂದು ಅವಳು ಕಾದಿದ್ದಳು. ಥೈರಾಯ್ಡ್ ಮಾತ್ರೆ ಎಂದೆ. ಅವಳಿಗೆ ನಗು ಬಂತು. ಉದ್ದಿನಬೇಳೆಯಷ್ಟು ಸಣ್ಣ ಮಾತ್ರೆ, ದಿನಕ್ಕೆ ಒಂದೇ ಒಂದು, ಚುಚ್ಚಬೇಕಿಲ್ಲ, ಅಳೆಯಬೇಕಿಲ್ಲ. ಅದರಲ್ಲೇನು ಕಷ್ಟ? ಅವಳು ಹೋದ ಮೇಲೆ ಅನ್ನಿಸಿತು, ಇದನ್ನು ನಕ್ಕು ಬಿಡುವ ಹಾಗಿಲ್ಲ, ಬರೆದೇ ಇಡಬೇಕು ಎಂದು. ಏಕೆಂದರೆ ಆ ಮಾತ್ರೆಯ ವಿಷಯದಲ್ಲಿ ನಾನು ಮಾಡಿದ ತಪ್ಪಿಗೆ ಒಬ್ಬ ಹೆಂಗಸು ಅನುಭವಿಸಿದ್ದಾಳೆ.

ನಾನು ಶನಿವಾರಸಂತೆ ಕಡೆಯ ವ್ಯಾಪಾರಸ್ಥರ ಮನೆಯವನು. ಅಂಗಡಿಯಲ್ಲಿ ಕೂರು ಎಂದರೆ ಕೂರದೆ, ಮಾತ್ರೆ ಎಣಿಸುವ ಕೆಲಸಕ್ಕೆ ಸೇರಿದೆ. ಅಲ್ಲಿಯೂ ಕೂತದ್ದು ಕೌಂಟರಿನ ಹಿಂದೆಯೇ, ಹಣೆಬರಹ. ಕೊಡಗಿನ ಉದ್ದಗಲಕ್ಕೂ ಸರ್ಕಾರಿ ಆಸ್ಪತ್ರೆಗಳ ಔಷಧಿ ಕಿಟಕಿಯ ಹಿಂದೆ ಮೂವತ್ತಕ್ಕೂ ಹೆಚ್ಚು ವರ್ಷ ಕಳೆದೆ. ಜನ ನನ್ನನ್ನು ಕರೆಯುತ್ತಿದ್ದದ್ದು 'ಮಾತ್ರೆ ಸಾರ್' ಎಂದು. ಮಲ್ಲೇಶಪ್ಪ ಎಂಬ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇತ್ತು.

ಶುರುವಿನಲ್ಲಿ ಬಾಳೆಲೆ ಎಂಬ ಊರಿನ ಕಡೆ ಇದ್ದಾಗಲೇ ನನಗೊಂದು ಪಾಠ ಆಗಿತ್ತು. ಆಗ ಕಲಿತಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ. ಬೋಪಯ್ಯ ಎಂಬ ನಿವೃತ್ತ ಹವಾಲ್ದಾರರು ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರು. ಇನ್ಸುಲಿನ್ ಕೂಡ ಒಂದು ಹಾರ್ಮೋನೇ, ಮೈ ತಾನೇ ತಯಾರಿಸಬೇಕಾದದ್ದನ್ನು ನಾವು ಹೊರಗಿನಿಂದ ಕೊಡುವುದು. ಡೋಸ್ ಏರಿಸಿದರೂ ಅವರ ಸಕ್ಕರೆ ಇಳಿಯಲಿಲ್ಲ. ಕದ್ದು ಸಿಹಿ ತಿನ್ನುತ್ತಾರೆ ಎಂದು ನಾನು ತೀರ್ಮಾನಿಸಿ, "ಅಜ್ಜ, ಹೋಳಿಗೆ ಬಿಡ್ಬೇಕು" ಎಂದು ಉಪದೇಶ ಮಾಡಿದೆ. ಅವರು ಮೀಸೆ ಕೆಳಗೆ ಏನೋ ಗೊಣಗಿಕೊಂಡು ಹೋದರು. ಒಂದು ಸಲ ಅವರು ತಂದ ಬಾಟಲಿ ನೋಡಿದರೆ ಒಳಗೆ ಹಾಲು ಒಡೆದಂತೆ ಗಂಟುಗಂಟು. ಎಲ್ಲಿ ಇಡ್ತೀರಿ ಎಂದು ಕೇಳಿದೆ.

"ನೀವು ತಣ್ಣಗೆ ಇಡಿ ಅಂದ್ರಿ. ನಾನು ಆರ್ಡರ್ ಆದ್ಮೇಲೆ ಅರ್ಧಂಬರ್ಧ ಮಾಡುವ ಮನುಷ್ಯ ಅಲ್ಲ," ಎಂದರು. "ಫ್ರಿಜ್ಜಿನ ಮೇಲಿನ ಬರ್ಫದ ಗೂಡಿನಲ್ಲಿ, ಪಂದಿ ಮಾಂಸದ ಪಕ್ಕದಲ್ಲೇ ಇಟ್ಟಿದ್ದೇನೆ. ಕಲ್ಲಿನ ಹಾಗೆ ಆಗ್ತದೆ. ಬೆಳಿಗ್ಗೆ ಬಿಸಿನೀರಲ್ಲಿ ಕರಗಿಸಿ ಚುಚ್ಚಿಕೊಳ್ತೇನೆ."

ಹೆಪ್ಪುಗಟ್ಟಿದ ಇನ್ಸುಲಿನ್ ಸತ್ತ ಇನ್ಸುಲಿನ್. ಅಷ್ಟು ತಿಂಗಳು ಆ ಮನುಷ್ಯ ಶಿಸ್ತಾಗಿ, ಒಂದು ದಿನವೂ ತಪ್ಪದೆ ಬರಿ ನೀರು ಚುಚ್ಚಿಕೊಂಡ ಹಾಗಾಗಿತ್ತು. ಫ್ರಿಜ್ಜಿನ ಬಾಗಿಲಿನ ತಟ್ಟೆಯಲ್ಲಿ ಇಡಿ ಎಂದು ಹೇಳಿಕೊಟ್ಟೆ, ಸಕ್ಕರೆ ಹತೋಟಿಗೆ ಬಂತು. ಆಸ್ಪತ್ರೆಯಲ್ಲಿ ಎಲ್ಲರೂ ನಕ್ಕೆವು. ನಗುವಿನಲ್ಲಿ ಪಾಠ ಕಳೆದುಹೋಯಿತು. ಅವರು ತಪ್ಪಿದ್ದಲ್ಲ, ನಾನು ಪೂರ್ತಿ ಹೇಳಿರಲಿಲ್ಲ ಎಂಬುದು ತಲೆಗೆ ಇಳಿಯಲೇ ಇಲ್ಲ.

ಹತ್ತಾರು ವರ್ಷಗಳ ಮೇಲೆ ಸುಂಟಿಕೊಪ್ಪದ ಆಚೆಗಿನ ಒಂದು ಸಣ್ಣ ಆಸ್ಪತ್ರೆಗೆ ಬಂದೆ. ಊರಿನ ಹೆಸರು ಬೇಡ. ಸುತ್ತಲೂ ಕಾಫಿ ಎಸ್ಟೇಟ್, ಎಸ್ಟೇಟಿನೊಳಗೆ ಕೆಲಸದವರ ಲೈನ್ ಮನೆಗಳು. ನಮ್ಮ ವೈದ್ಯಾಧಿಕಾರಿ ಡಾಕ್ಟರ್ ಪೊನ್ನಮ್ಮ. ಕೆಲಸದಲ್ಲಿ ಚಿನ್ನ, ಮಾತಿನಲ್ಲಿ ಒಣಮೆಣಸು. ಮೊದಲ ದಿನವೇ ನನ್ನ ಕೈಯಲ್ಲಿದ್ದ ಹಳೇ ಪೇಪರಿನ ಪೊಟ್ಟಣ ಕಿತ್ತುಕೊಂಡು, "ಇದು ಕಡಲೆಕಾಯಿ ಅಂಗಡಿಯಾ?" ಎಂದು ಕೇಳಿದ್ದರು. ಅಂದಿನಿಂದ ಪೊಟ್ಟಣದ ಕಾಲ ಮುಗಿದು ಕವರಿನ ಕಾಲ ಬಂತು. ಓದು ಬಾರದವರಿಗೆ ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ ಬರೆದು ಕೊಡುತ್ತಿದ್ದೆ. ನನ್ನ ಸೂರ್ಯ ಚೆನ್ನಾಗಿ ಬರುತ್ತಿತ್ತು, ಚಂದ್ರ ಮಾತ್ರ ಬಾಳೆಹಣ್ಣಿನ ಹಾಗೆ.

ಜಾನಕಿ ಬಂದದ್ದು ಅಲ್ಲಿಗೆ. ಹತ್ತಿರದ ಎಸ್ಟೇಟಿನ ಲೈನಿನವಳು, ತವರು ಸುಳ್ಯದ ಕಡೆ. ಗಂಡ ಮಣಿ ಅದೇ ಎಸ್ಟೇಟಿನ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಮೂವತ್ತು ತುಂಬದ ಹೆಂಗಸು ಅರವತ್ತರವಳಂತೆ ಹೆಜ್ಜೆ ಇಡುತ್ತಿದ್ದಳು. ಮುಖ ಊದಿತ್ತು, ಸ್ವರ ಒಡೆದಿತ್ತು, ಬಿಸಿಲಲ್ಲೂ ಸ್ವೆಟರ್. ಕಾಫಿ ಕೊಯ್ಲಿನಲ್ಲಿ ಹಿಂದೆ ಬೀಳುತ್ತಾಳೆ ಎಂದು ಎಸ್ಟೇಟಿನ ಕೂಲಿ ಲೆಕ್ಕ ಬರೆಯುವ ರೈಟರ್ ಬೈಯುತ್ತಿದ್ದ. ಎರಡು ಸಲ ಬಸುರಿಯಾಗಿ ಎರಡೂ ಸಲ ಮೂರನೇ ತಿಂಗಳಿಗೇ ಹೋಗಿತ್ತು. ಮಗು ಬೇಕು ಎಂಬುದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಡಾಕ್ಟರ ಮೇಜಿನ ಮೇಲೆ ಆ ಎರಡು ಬಸುರಿನ ಹಳೆಯ ತಾಯಿ ಕಾರ್ಡುಗಳನ್ನೂ ಇಟ್ಟಳು.

ಪೊನ್ನಮ್ಮ ಮೇಡಂ ಕುತ್ತಿಗೆ ಮುಟ್ಟಿ ನೋಡಿ ರಕ್ತ ಪರೀಕ್ಷೆಗೆ ಕಳಿಸಿದರು. ಆಗ ಅದು ಮಡಿಕೇರಿಗೆ ಹೋಗಿ ಬರಬೇಕಿತ್ತು. ಅಂದುಕೊಂಡಂತೆ ಥೈರಾಯ್ಡ್ ಸೋತಿತ್ತು. ಕುತ್ತಿಗೆಯ ಈ ಗ್ರಂಥಿ ಕೊಡುವ ಹಾರ್ಮೋನು ಕಡಿಮೆಯಾದರೆ ಒಲೆಯ ಉರಿ ತಗ್ಗಿದ ಹಾಗೆ, ಮೈಯಲ್ಲಿ ಯಾವುದೂ ಬೇಗ ಬೇಯುವುದಿಲ್ಲ. ಗರ್ಭ ನಿಲ್ಲುವುದೂ ಕಷ್ಟ. ಗ್ರಂಥಿ ಸೋತಷ್ಟೂ ರಿಪೋರ್ಟಿನ ಅಂಕಿ ಏರುತ್ತದೆ, ಮಾತ್ರೆ ಮೈಗೆ ಹತ್ತಿದರೆ ಇಳಿಯುತ್ತದೆ. "ಮೊದಲು ಈ ಅಂಕಿ ಇಳಿಯಲಿ, ಆಮೇಲೆ ಮಗುವಿನ ಯೋಚನೆ ಮಾಡು," ಎಂದರು ಮೇಡಂ. ನಾನು ಕಿಟಕಿಯಲ್ಲಿ ಸ್ಟ್ರಿಪ್ ಕೊಟ್ಟು, ಕವರಿನ ಮೇಲೆ ಸೂರ್ಯ ಬರೆದು, ಸಾವಿರ ಸಲ ಹೇಳಿದ ಮಾತನ್ನೇ ಹೇಳಿದೆ. "ಬೆಳಿಗ್ಗೆ ಎದ್ದ ಕೂಡ್ಲೆ, ಖಾಲಿ ಹೊಟ್ಟೇಲಿ. ಮುಂದಿನ ಸಲ ಖಾಲಿ ಸ್ಟ್ರಿಪ್ ತಗೊಂಡ್ ಬಾ."

ಅಂಕಿ ಇಳಿಯಲಿಲ್ಲ. ಮೇಡಂ ಡೋಸನ್ನು ಐವತ್ತು ಮೈಕ್ರೋಗ್ರಾಮಿನಿಂದ ಎಪ್ಪತ್ತೈದು ಮಾಡಿದರು, ನೂರು ಮಾಡಿದರು, ನೂರಿಪ್ಪತ್ತೈದಕ್ಕೆ ಒಯ್ದರು. ಒಂದಿಷ್ಟು ಅಲ್ಲಾಡಿ ಮತ್ತೆ ಅಲ್ಲೇ ನಿಂತಿತು. ಮಾತ್ರೆಯದೇ ದೋಷವೇ ಎಂದು ನೋಡಿದೆವು. ಅದೇ ಬ್ಯಾಚಿನ ಮಾತ್ರೆ ತಿಂದ ಬೇರೆಯವರೆಲ್ಲ ಚೆನ್ನಾಗಿದ್ದರು. ಉಳಿದದ್ದು ಒಂದೇ ದಾರಿ, ಇವಳು ತಿನ್ನುತ್ತಿಲ್ಲ. ಖಾಲಿ ಸ್ಟ್ರಿಪ್ ತಂದು ತೋರಿಸಿದರೂ ನಾನು ನಂಬಲಿಲ್ಲ. ಮಾತ್ರೆ ತೆಗೆದು ಎಸೆದು ಸ್ಟ್ರಿಪ್ ತರುವವರನ್ನು ಕಂಡಿದ್ದೆ. "ಆ ಕಸ ನಂಗ್ಯಾಕೆ, ಇಟ್ಕೋ," ಎಂದು ಹಿಂದಕ್ಕೆ ತಳ್ಳಿದ್ದೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ ಹಿರಿಯರು. ನಾನು ಪ್ರತ್ಯಕ್ಷವಾಗಿಯೂ ಕಂಡಿರಲಿಲ್ಲ.

ಅಷ್ಟರಲ್ಲಿ ಅವಳು ಮತ್ತೆ ಬಸುರಿಯಾದಳು. ರಿಪೋರ್ಟ್ ಮಾತ್ರ ಹಳೆಯದೇ. ಅವತ್ತು ಸೋಮವಾರ, ಕಿಟಕಿಯ ಮುಂದೆ ಸಾಲು ಗೇಟಿನವರೆಗೆ ಇತ್ತು. ನನ್ನ ಪಿತ್ತ ನೆತ್ತಿಗೇರಿತು.

"ಏನಮ್ಮ, ಮಾತ್ರೆ ನೀನ್ ತಿಂತಿದೀಯೋ, ಇಲ್ಲಾ ಕೋಳಿಗೆ ಹಾಕ್ತಿದೀಯೋ?" ಎಂದೆ. "ಮಗು ಬೇಕು ಅಂತ ಬರ್ತೀಯ, ಒಂದ್ ಮಾತ್ರೆ ನುಂಗಕ್ಕಾಗಲ್ವಾ? ಯಾರಿಗೆ ಹೇಳ್ತೀಯ ಈ ಸುಳ್ಳು?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಜಾನಕಿ ಕಿಟಕಿಯ ಕಟ್ಟೆ ಹಿಡಿದುಕೊಂಡು ನಿಂತಿದ್ದಳು. "ತಿಂತೇನೆ ಸಾರ್. ದಿನಾ ತಿಂತೇನೆ," ಎಂದಳು. ಅಷ್ಟೇ. ಮಾತ್ರೆ ತೆಗೆದುಕೊಂಡು ಹೋದಳು.

ಮೂರು ವಾರಕ್ಕೆ ಆ ಮಗುವೂ ಹೋಯಿತು. ಆಮೇಲೆ ಜಾನಕಿ ಆಸ್ಪತ್ರೆಗೆ ಬರುವುದನ್ನೇ ಬಿಟ್ಟಳು. ಮಾತ್ರೆಯ ದಿನ ಬಂತು, ಹೋಯಿತು. ಇನ್ನೊಂದು ತಿಂಗಳೂ ಹಾಗೆಯೇ ಕಳೆಯಿತು. ನಾನು ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದಿನ ಖಾಲಿ ಜಾಗ ನೋಡಿ ಪುಟ ಮಗುಚುತ್ತಿದ್ದೆ. ಪೊನ್ನಮ್ಮ ಮೇಡಂ ಒಂದು ದಿನ ಆ ಪುಟದ ಮೇಲೆ ಬೆರಳಿಟ್ಟರು.

"ನರ್ಸನ್ನು ಕಳಿಸೋಣ ಮೇಡಂ," ಎಂದೆ.

"ಬೈದದ್ದು ನರ್ಸಾ? ನೀವು ಬೈದದ್ದು, ನೀವೇ ಹೋಗಿ ಮಲ್ಲೇಶಪ್ಪನವರೇ."

ಹೋದೆ. ಒಳಮನಸ್ಸಿನಲ್ಲಿ ಆಗಲೂ ನನಗೆ ಕಳ್ಳನನ್ನು ಹಿಡಿಯುವ ಆಸೆಯೇ. ಕೆಲಸಕ್ಕೆ ಹೊರಡುವ ಮೊದಲೇ ಹೋದರೆ ಮಾತ್ರೆ ತಿನ್ನುವುದು ಎಷ್ಟು ನಿಜ ಎಂದು ಗೊತ್ತಾಗುತ್ತದಲ್ಲ ಎಂದು ಬೆಳಕು ಹರಿಯುವ ಹೊತ್ತಿಗೆ ಸ್ಕೂಟರ್ ತೆಗೆದೆ. ಕೊಯ್ಲಿನ ಕಾಲ, ಮಂಜು ಮುಸುಕಿ ಎದುರಿನ ಸಿಲ್ವರ್ ಓಕ್ ಮರವೂ ಕಾಣುತ್ತಿರಲಿಲ್ಲ. ಲೈನ್ ತಲುಪುವ ಹೊತ್ತಿಗೆ ಬೆರಳು ಮರಗಟ್ಟಿದ್ದವು.

ಜಾನಕಿ ಬಾಗಿಲು ತೆಗೆದಳು. ಬೆಂಚು ಒರಸಿ ಕೂರಲು ಹೇಳಿದಳು. ಮಣಿ ಒಲೆಯ ಬಳಿ ಕೂತಿದ್ದವನು ಎದ್ದು ಗೋಡೆಗೆ ಒರಗಿದ, ನನ್ನ ಮುಖ ನೋಡಲಿಲ್ಲ.

"ಮಾತ್ರೆಗೆ ಯಾಕಮ್ಮ ಬರಲಿಲ್ಲ?" ಎಂದೆ.

"ಮಾತ್ರೆ ಬಿಟ್ಟಿಲ್ಲ ಸಾರ್. ಇವರು ಕುಶಾಲನಗರದ ಮೆಡಿಕಲಿಂದ ತರ್ತಾರೆ. ಆಸ್ಪತ್ರೆಗೆ ಬರ್ಲಿಕ್ಕೆ ನಾಚಿಕೆ ಆಗ್ತದೆ," ಎಂದಳು. ಆಮೇಲೆ ಗೂಡಿನಿಂದ ಒಂದು ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ ತೆಗೆದು ನನ್ನ ಮಡಿಲಲ್ಲಿ ಇಟ್ಟಳು. ಮುಚ್ಚಳ ತೆಗೆದೆ. ಒಳಗೆಲ್ಲ ಖಾಲಿ ಸ್ಟ್ರಿಪ್‌ಗಳು. ಐವತ್ತರವು, ಎಪ್ಪತ್ತೈದರವು, ನೂರರವು, ನೂರಿಪ್ಪತ್ತೈದರವು, ಒಂದೊಂದು ಕಟ್ಟಿಗೂ ರಬ್ಬರ್ ಬ್ಯಾಂಡ್. ನಾನು ಕಸ ಎಂದು ತಳ್ಳಿದ್ದೆಲ್ಲ ಅಲ್ಲಿತ್ತು. ತಿಂದೆ ಎನ್ನುವುದಕ್ಕೆ ಅವಳ ಬಳಿ ಬೇರೆ ಸಾಕ್ಷಿ ಯಾವುದೂ ಇರಲಿಲ್ಲ.

"ಕಾಫಿ ಕುಡೀತೀರಾ ಸಾರ್?" ಎಂದಳು.

ಇಲ್ಲಿ ನಾನೊಂದು ವಿಷಯ ಒಪ್ಪಿಕೊಳ್ಳಬೇಕು. ಅಷ್ಟು ವರ್ಷ ಲಸಿಕೆಗೆ, ಜ್ವರದ ಸರ್ವೆಗೆ ಎಂದು ಲೈನುಗಳನ್ನು ಸುತ್ತಿದ್ದೇನೆ. ಒಂದು ಮನೆಯಲ್ಲೂ ಒಂದು ಲೋಟ ನೀರು ಮುಟ್ಟಿರಲಿಲ್ಲ. ನಮ್ಮ ಮನೆಯಲ್ಲಿ ಕಲಿಸಿದ್ದು ಹಾಗೆ, ಓದು ಅದನ್ನು ತೊಳೆದಿರಲಿಲ್ಲ. ಯಾರು ಕೇಳಿದರೂ "ಈಗಷ್ಟೇ ಕುಡ್ಕೊಂಡ್ ಬಂದೆ" ಎನ್ನುತ್ತಿದ್ದೆ. ಅದು ಸುಳ್ಳೆಂದು ಅವರಿಗೂ ಗೊತ್ತು, ಗೊತ್ತೆಂದು ನನಗೂ ಗೊತ್ತು. ಅವತ್ತೂ ಅದೇ ಮಾತು ನಾಲಿಗೆಯ ತುದಿಗೆ ಬಂತು. ಸುಳ್ಳಿ ಎಂದು ಕರೆದವಳ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಅವಳೆದುರೇ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

"ಕೊಡಮ್ಮ," ಎಂದೆ. ಮಣಿ ಆಗ ನನ್ನ ಮುಖ ನೋಡಿದ.

ಬೆಲ್ಲ ಹಾಕಿದ ಕಪ್ಪು ಕಾಫಿ, ಸ್ಟೀಲ್ ಲೋಟ. ನನಗೊಂದು ಕೊಟ್ಟು, ತನಗೊಂದು ಹಿಡಿದುಕೊಂಡು ಜಾನಕಿ ಹೊಸ್ತಿಲ ಬಳಿ ಕೂತಳು. ಗೂಡಿನಿಂದ ಸ್ಟ್ರಿಪ್ ತೆಗೆದು ಒಂದು ಮಾತ್ರೆ ಬಿಡಿಸಿ ನಾಲಿಗೆಯ ಮೇಲೆ ಇಟ್ಟುಕೊಂಡಳು. ಕಾಫಿ ಗುಟುಕರಿಸಿ ನುಂಗಿದಳು.

ನನ್ನ ಕೈಯ ಲೋಟ ಅರ್ಧಕ್ಕೇ ನಿಂತಿತು. "ದಿನಾ ಹೀಗೇನಾ?" ಎಂದೆ.

"ಹೌದು ಸಾರ್. ನೀವು ಹೇಳಿದ ಹಾಗೇ. ಎದ್ದ ಕೂಡ್ಲೆ, ಖಾಲಿ ಹೊಟ್ಟೆ. ಎಂತದೂ ತಿಂದಿರುದಿಲ್ಲ, ಕಾಫಿ ಮಾತ್ರ. ಈ ಚಳಿಗೆ ತಣ್ಣೀರು ಗಂಟಲಲ್ಲಿ ಇಳಿಯುದಿಲ್ಲ ಅಲ್ವಾ."

ಕಾಫಿ ಈ ಮಾತ್ರೆಯನ್ನು ಹೊಟ್ಟೆಯಿಂದ ರಕ್ತಕ್ಕೆ ಸರಿಯಾಗಿ ಸೇರಲು ಬಿಡುವುದಿಲ್ಲ. ಮಾತ್ರೆ ನೀರಿನಲ್ಲೇ ನುಂಗಬೇಕು, ಕಾಫಿಗೆ ಒಂದು ಗಂಟೆ ಕಾಯಬೇಕು. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಬರೆದೂ ಇತ್ತು. ಆದರೆ ನಮ್ಮ ಊರಿನಲ್ಲಿ ಕಾಫಿಯನ್ನು ಯಾರು ಆಹಾರದ ಲೆಕ್ಕಕ್ಕೆ ಹಿಡಿಯುತ್ತಾರೆ? ಉಪವಾಸದ ದಿನವೂ ಕಾಫಿ ಉಂಟು. ಕಣ್ಣುಬಿಟ್ಟು ಮುಖ ತೊಳೆಯುವುದೆಷ್ಟೋ ಕಾಫಿಯೂ ಅಷ್ಟೇ. ಬೇರೆ ಯಾವ ದಿನವಾದರೂ ಬೆಳಿಗ್ಗೆ ನನ್ನನ್ನು ಏನು ತಿಂದಿರಿ ಎಂದು ಕೇಳಿದ್ದರೆ, ಎರಡು ಲೋಟ ಕಾಫಿ ಮುಗಿಸಿದ ಮೇಲೂ ನಾನೂ ಏನೂ ಇಲ್ಲ ಎನ್ನುತ್ತಿದ್ದೆ. ಅವಳು ನನ್ನ ಮಾತನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದ್ದಳು. ಬೋಪಯ್ಯಜ್ಜನ ಹಾಗೆಯೇ.

ಅಲ್ಲೇ ಕೂತು ಹೇಳಿದೆ. ತಪ್ಪು ನಿನ್ನದಲ್ಲ, ನಾನು ಕೇಳಬೇಕಿತ್ತು ಎಂದೂ ಹೇಳಿದೆ, ಆದರೆ ತಲೆ ತಗ್ಗಿಸಿ, ಲೋಟಕ್ಕೆ ಹೇಳಿದ ಹಾಗೆ. ಜಾನಕಿ ತನ್ನ ಲೋಟವನ್ನು ನೆಲಕ್ಕಿಟ್ಟಳು. ಆಮೇಲೆ ಕೇಳಿದಳು, "ಹಾಗಾದ್ರೆ ಆ ಮಗು ಹೋದದ್ದು ಕಾಫಿಯಿಂದವಾ ಸಾರ್?"

ಡಾಕ್ಟರನ್ನು ಕೇಳಿ ಹೇಳ್ತೇನೆ ಎಂದು ಎದ್ದು ಬಂದೆ. ಹಾದಿಯಲ್ಲಿ ಸ್ಕೂಟರ್ ನಿಲ್ಲಿಸಿ ಕೂತು ಅತ್ತೆ. ಇದನ್ನು ಬರೆಯಲು ನನಗೆ ನಾಚಿಕೆ ಇಲ್ಲ.

ಪೊನ್ನಮ್ಮ ಮೇಡಂ ಪೂರ್ತಿ ಕೇಳಿ, ಮೇಜಿನ ಮೇಲಿದ್ದ ತಮ್ಮ ಕಾಫಿ ಲೋಟವನ್ನು ದೂರ ಸರಿಸಿದರು. "ಓದಿದವಳು ನಾನು. ಡೋಸ್ ಏರಿಸ್ತಾ ಹೋದೆ, ಹೇಗೆ ನುಂಗ್ತೀ ಅಂತ ಒಂದ್ಸಲ ಕೇಳಲಿಲ್ಲ," ಎಂದರು. ಅವರ ಬಾಯಲ್ಲಿ ತಪ್ಪಾಯಿತು ಎನ್ನುವ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ. ಜಾನಕಿಯನ್ನು ಕರೆಸಿ ಅವರೇ ಉತ್ತರ ಕೊಟ್ಟರು. ಇದರಿಂದಲೇ ಹೋಯಿತು ಎಂದು ಹೇಳುವಂತಿಲ್ಲ, ಅಲ್ಲ ಎಂದೂ ಹೇಳುವಂತಿಲ್ಲ, ಮುಂದಿನದನ್ನು ಕಾಪಾಡಲು ನೋಡೋಣ ಎಂದರು. ಸಿಹಿ ಮಾತು ಅವರಿಗೆ ಬರುತ್ತಿರಲಿಲ್ಲ. ಆದರೆ ಅವಳ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

ನೀರಿನಲ್ಲಿ ನುಂಗಲು ಶುರು ಮಾಡಿದ ಮೇಲೆ ಅದೇ ಡೋಸು ಅವಳಿಗೆ ಹೆಚ್ಚಾಗಿ ಎದೆ ಡವಡವ ಎನ್ನತೊಡಗಿತು. ಮೇಡಂ ಇಳಿಸಿ ಎಪ್ಪತ್ತೈದಕ್ಕೆ ತಂದರು. ಅಂಕಿ ಇಳಿಯಿತು. ಸ್ವೆಟರ್ ಹೋಯಿತು, ಒಡೆದ ಸ್ವರ ತಿಳಿಯಾಯಿತು. ಕೊಯ್ಲಿನಲ್ಲಿ ಉಳಿದವರಿಗೆ ಸಮನಾದಳಂತೆ. ರೈಟರ್ ಬೈಯಲು ಬೇರೆಯವರನ್ನು ಹುಡುಕಿಕೊಂಡ.

ನನ್ನ ಕೆಲಸದ ರೀತಿಯೂ ಅಂದಿನಿಂದ ಬದಲಾಯಿತು. "ಮಾತ್ರೆ ಸರಿಯಾಗಿ ತಗೋತಿದೀರಾ?" ಎಂದು ಕೇಳುವುದನ್ನು ಬಿಟ್ಟೆ. ಆ ಪ್ರಶ್ನೆಗೆ ಹೌದು ಎನ್ನದವರನ್ನು ನಾನು ಕಂಡಿಲ್ಲ. "ಬೆಳಿಗ್ಗೆ ಎದ್ದು ಏನೇನು ಮಾಡ್ತೀರಿ, ಒಂದೊಂದಾಗಿ ಹೇಳಿ," ಎಂದು ಕೇಳತೊಡಗಿದೆ. ಸಾಲು ಉದ್ದವಾಯಿತು, ಜನ ಗೊಣಗಿದರು. ಆದರೆ ಏನೇನೋ ಹೊರಬಂತು. ದುಬಾರೆಯ ಆನೆ ಶಿಬಿರದ ಒಬ್ಬ ಮಾವುತ ಮಾತ್ರೆಯನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ಆನೆ ತೊಳೆಯಲು ಹೊಳೆಗೆ ಇಳಿಯುತ್ತಿದ್ದ, ಹಾಗಾಗಿ ಅವನ ಮಾತ್ರೆಯ ಅರ್ಧ ಭಾಗ ಕಾವೇರಿಗೆ. ಮಡಿಕೇರಿಯ ಒಬ್ಬ ಅರ್ಚಕರು ಪೂಜೆ ಮುಗಿಯುವವರೆಗೆ ಕಾಫಿ ಮುಟ್ಟುವವರಲ್ಲ. ಏಳುತ್ತಲೇ ತೀರ್ಥದ ಹಾಗೆ ನೀರಿನಲ್ಲಿ ಮಾತ್ರೆ, ಕಾಫಿ ಹತ್ತು ಗಂಟೆಗೆ. ಅವರ ರಿಪೋರ್ಟ್‌ನಷ್ಟು ಚೆಂದದ ರಿಪೋರ್ಟ್ ನಾನು ನೋಡಿಲ್ಲ.

ಮಕ್ಕಳೇ, ಈಗ ನಿಮ್ಮ ಮುಂದೆ ಕಂಪ್ಯೂಟರ್ ಇದೆ, ಕವರಿನ ಮೇಲೆ ಎಲ್ಲವೂ ಅಚ್ಚಾಗಿ ಬರುತ್ತದೆ, ಬಾಳೆಹಣ್ಣಿನ ಚಂದ್ರ ಬರೆಯುವ ಕಷ್ಟ ಇಲ್ಲ. ಆದರೂ ರೋಗಿಯ ಬೆಳಗು ಆ ಕಂಪ್ಯೂಟರಿನಲ್ಲಿ ಇರುವುದಿಲ್ಲ, ಕೇಳಬೇಕು. ಹೋದ ವರ್ಷದಿಂದ ನಾನೂ ಅದೇ ಮಾತ್ರೆ ತಿನ್ನುತ್ತೇನೆ. ಊರಿನವರ ಕುತ್ತಿಗೆಗೆಲ್ಲ ಮಾತ್ರೆ ಕೊಟ್ಟವನ ಕುತ್ತಿಗೆಯೂ ಕೈಕೊಟ್ಟಿತು. ಮಾತ್ರೆ ನುಂಗಿ, ಫಿಲ್ಟರಿನ ಎದುರು ಕೂತು ಗಡಿಯಾರ ನೋಡುವ ಆ ಒಂದು ಗಂಟೆ ಎಷ್ಟು ಉದ್ದ ಎಂದು ಈಗ ಗೊತ್ತಾಗಿದೆ. ಹೇಳುವುದು ಸುಲಭವಾಗಿತ್ತು.

ಜಾನಕಿಯ ಸಂಗತಿ ಪೂರ್ತಿ ಮಾಡಬೇಕು. ಮರುವರ್ಷ ಅವಳು ಮತ್ತೆ ಬಸುರಿಯಾದಳು. ಮೇಡಂ ಡೋಸನ್ನು ತಿಂಗಳು ತಿಂಗಳಿಗೂ ನೋಡಿ ಹೊಂದಿಸಿದರು. ಬಸುರಿಯರಿಗೆ ಕೊಡುವ ಕಬ್ಬಿಣದ ಮಾತ್ರೆಯೂ ಇದಕ್ಕೆ ಅಡ್ಡ ಬರುತ್ತದೆ. ಅದನ್ನು ಮಧ್ಯಾಹ್ನದ ಊಟದ ಮೇಲೆ ಎಂದು ನಾನು ಬೇರೆ ಕವರಿನಲ್ಲಿ ಕೊಟ್ಟು, ಅವಳ ಬಾಯಿಂದಲೇ ಎರಡು ಸಲ ಹೇಳಿಸಿದೆ. ಮೂರನೇ ತಿಂಗಳು ದಾಟುವವರೆಗೆ ಆಸ್ಪತ್ರೆಯಲ್ಲಿ ಯಾರೂ ಅದರ ಮಾತು ಎತ್ತಲಿಲ್ಲ. ದಾಟಿತು. ನಾಲ್ಕು, ಐದು, ಏಳು. ದಿನ ತುಂಬಿ ಮಡಿಕೇರಿಯಲ್ಲಿ ಹೆಣ್ಣು ಮಗು ಹುಟ್ಟಿತು.

ಒಂದೂವರೆ ತಿಂಗಳಿಗೆ, ಲಸಿಕೆಯ ಗುರುವಾರ, ಮಗುವನ್ನು ಎತ್ತಿಕೊಂಡು ಜಾನಕಿ ಕಿಟಕಿಗೆ ಬಂದಳು. ಸಾಲು ಅವತ್ತೂ ಉದ್ದವಿತ್ತು. ಸಾಲು ಕರಗಲಿ, ಆಮೇಲೆ ಹೇಳೋಣ ಎಂದು ಒಂದು ಕ್ಷಣ ಅನ್ನಿಸಿತು. ಬೈದದ್ದು ಸಾಲಿನ ಎದುರು ಎಂದು ನೆನಪಾಯಿತು. ಎದ್ದು ನಿಂತು, ಹಿಂದಿನವರಿಗೂ ಕೇಳುವಂತೆ ಹೇಳಿದೆ.

"ಜಾನಕಿ, ಅವತ್ತು ಇದೇ ಕಿಟಕೀಲಿ ನಿನ್ನ ಸುಳ್ಳಿ ಅಂದೆ. ನೀನು ಹೇಳಿದ್ದು ನಿಜ ಇತ್ತು. ನಂದು ತಪ್ಪಾಯ್ತಮ್ಮ."

ಅವಳು ಮಗುವಿನ ಟೋಪಿ ಸರಿಪಡಿಸಿದಳು. ಎಲ್ಲ ಮರೆತೆ ಎನ್ನುತ್ತಾಳೆ ಎಂದುಕೊಂಡಿದ್ದೆ.

"ಬೈದದ್ದು ನಾನು ಮರ್ತಿಲ್ಲ ಸಾರ್," ಎಂದಳು. "ನೀವು ನಮ್ಮ ಮನೆಯಲ್ಲಿ ಕೂತು ಕಾಫಿ ಕುಡಿದದ್ದನ್ನೂ ಮರ್ತಿಲ್ಲ."

ಮಾತ್ರೆಯ ಕವರ್ ತೆಗೆದುಕೊಂಡು, ಹಿಂದೆ ನಿಂತವಳಿಗೆ ಜಾಗ ಬಿಟ್ಟು ಹೋದಳು.